ಕಪ್ಪಿನ ಮೇಲೆ ಕಪ್ಪು

ಆಬಿದಾ ಇಪ್ಪತ್ತಾರು ವರ್ಷಗಳಿಂದ ಬುರ್ಖಾಗಳಿಗೆ ಕಸೂತಿ ಹಾಕುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬಟ್ಟೆಯ ಮೇಲಿನ ಚಿತ್ರ ಅವಳದಾಗಿರಲಿಲ್ಲ. ಫ್ರೇಜರ್ ಟೌನಿನಲ್ಲಿ ಬುರ್ಖಾ ಅಂಗಡಿ ಇಟ್ಟಿದ್ದ ಗುಲ್ಷನ್ ಆಪಾ ಎಲ್ಲಿಂದಲೋ ಒಂದು ಫೋಟೊ ಹಿಡಿದು ಫೋನಿಗೆ ಕಳಿಸುತ್ತಿದ್ದರು. ಆಬಿದಾ ಅದನ್ನು ಕಾಗದಕ್ಕೆ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಸೀಮೆಸುಣ್ಣದ ಪುಡಿ ಉಜ್ಜಿ ಬಟ್ಟೆಗೆ ದಾಟಿಸುತ್ತಿದ್ದಳು. ಆಮೇಲೆ ಬಟ್ಟೆಯನ್ನು ಮಂಚದಷ್ಟು ಉದ್ದದ ಮರದ ಚೌಕಟ್ಟಿಗೆ ಬಿಗಿದು ಆರಿ ಸೂಜಿ ಕೈಗೆತ್ತಿಕೊಂಡರೆ ಮುಗಿಯಿತು. ತುದಿಯಲ್ಲಿ ಕೊಕ್ಕೆ ಇರುವ ಆ ಸೂಜಿ ಅವಳ ಕೈಯಲ್ಲಿ ಎಷ್ಟು ವೇಗವಾಗಿ ಓಡುತ್ತಿತ್ತೆಂದರೆ, ನೋಡುವವರಿಗೆ ದಾರ ತಾನಾಗಿಯೇ ಸರಪಳಿ ಹೆಣೆದುಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು.

ಮನೆ ಶಿವಾಜಿನಗರದ ಬ್ರಾಡ್‌ವೇ ರಸ್ತೆಯ ಹಿಂದಿನ ಗಲ್ಲಿಯಲ್ಲಿ. ಕೆಳಮಹಡಿಯ ಎರಡು ಕೋಣೆ. ಗಂಡ ನಜೀರ್ ಹಳೇ ಕಾರುಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮುಂದಿನ ಕೋಣೆಯ ಮುಕ್ಕಾಲು ಭಾಗ ಕಸೂತಿಯ ಚೌಕಟ್ಟೇ ಇದ್ದುದರಿಂದ ಬಂದವರು ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆದು ಒಳಗೆ ಹೋಗಬೇಕಿತ್ತು.

ಆ ವರ್ಷ ಅಕ್ಟೋಬರಿನಲ್ಲಿ ಗುಲ್ಷನ್ ಆಪಾ ಫೋಟೊ ಕಳಿಸಲಿಲ್ಲ, ಒಂದು ವಾಯ್ಸ್ ಮೆಸೇಜ್ ಕಳಿಸಿದರು. ಮಾತಾಡಿದ್ದು ಲೈಬಾ ಎಂಬ ಹುಡುಗಿ. ವಕೀಲಿ ಓದಿ ಆಗತಾನೇ ಕೋರ್ಟಿಗೆ ಹೋಗಲು ಶುರುಮಾಡಿದ್ದಳು. ಮದುವೆ ಗೊತ್ತಾಗಿತ್ತು. ಮದುವೆಯಾದ ಮೇಲೆ ನೆಂಟರ ಮನೆಗಳಿಗೆ ಊಟಕ್ಕೆ ಹೋಗುವಾಗ ತೊಡಲು ಅವಳಿಗೊಂದು ಬುರ್ಖಾ ಬೇಕಿತ್ತು.

"ಕಲ್ಲು ಬೇಡ ಖಾಲಾ, ಮಿಣಮಿಣ ಬೇಡ, ಬಣ್ಣದ ದಾರಾನೂ ಬೇಡ," ಅಂದಿದ್ದಳು ಲೈಬಾ. "ಕರಿ ಮೇಲೆ ಕರೀನೇ ಇರ್ಲಿ. ದೂರದಿಂದ ನೋಡಿದ್ರೆ ಸಾದಾ ಅನ್ನಿಸ್ಬೇಕು. ಆದ್ರೆ ಏನೋ ಇದೆ ಅಂತ ಗೊತ್ತಾಗ್ಬೇಕು. ಹೇಗೆ ಅಂತ ನಂಗೆ ಹೇಳೋಕ್ ಬರ್ತಿಲ್ಲ. ನಿಮಗೆ ಗೊತ್ತಾಗತ್ತೆ, ಅಲ್ವಾ?"

ಆಬಿದಾಳಿಗೆ ಗೊತ್ತಾಗಲಿಲ್ಲ. ಆದರೂ ಒಪ್ಪಿಕೊಂಡಳು. ನಿಮಗೆ ಗೊತ್ತಾಗತ್ತೆ ಅಂತ ಇಷ್ಟು ವರ್ಷಗಳಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಮೊದಲ ತುಂಡಿನಲ್ಲಿ ಕರಿ ರೇಷ್ಮೆ ದಾರದಿಂದ ಗುಲಾಬಿಯ ಸಾಲು ಹಾಕಿದಳು. ಮುಗಿಸಿ ಎತ್ತಿ ಹಿಡಿದರೆ ಏನೂ ಇಲ್ಲ. ಎರಡು ದಿನದ ಕೆಲಸವನ್ನು ಬಟ್ಟೆ ನುಂಗಿಬಿಟ್ಟಿತ್ತು. ಎರಡನೆಯದಕ್ಕೆ ದಪ್ಪ ದಾರ ಹಾಕಿದಳು. ಅದು ಹರಿದ ಜಾಗಕ್ಕೆ ಹೊಲಿಗೆ ಹಾಕಿದಂತೆ ಕಂಡಿತು. ಮೂರನೆಯದಕ್ಕೆ ಕರಿ ಮಣಿ ಪೋಣಿಸಿ ನೋಡಿ, ಆ ಹುಡುಗಿ ಬೇಡವೆಂದಿದ್ದ ಕಲ್ಲಿಗೂ ಇದಕ್ಕೂ ಏನು ವ್ಯತ್ಯಾಸ ಅಂದುಕೊಂಡು ತಾನೇ ಬಿಚ್ಚಿದಳು.

ಗುಲ್ಷನ್ ಆಪಾ ಫೋನು ಮಾಡಿ, "ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು ಆಬಿದಾ," ಅಂದರು. "ಮದುವೆಗೆ ಇನ್ನು ಇಪ್ಪತ್ತೈದು ದಿನ ಇದೆ. ಸೂರತ್ತಿಂದ ರೆಡಿ ಪೀಸ್ ತರಿಸಿ ಕೊಡ್ತೀನಿ."

"ಇನ್ನೊಂದು ವಾರ ಕೊಡಿ ಆಪಾ."

"ಒಂದು ವಾರದಲ್ಲಿ ಏನಾಗತ್ತೆ?"

"ಒಂದೇ ವಾರ ಆಪಾ," ಅಂತ ಹೇಳಿ ಆಬಿದಾ ಫೋನಿಟ್ಟಳು.

ಮರುದಿನ ಶನಿವಾರ. ಶನಿವಾರ ಸಂಜೆ ಗುರುದೇವಿ ಬರುವ ದಿನ. ಗುರುದೇವಿ ಗದಗಿನ ಕಡೆಯವಳು, ಮೂವತ್ತರ ಆಸುಪಾಸು. ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು ಯಾವುದೋ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ತಂಗಿಯ ಮದುವೆಗೆ ತನ್ನ ಕುಪ್ಪಸಕ್ಕೆ ತಾನೇ ಕಸೂತಿ ಹಾಕಬೇಕೆಂಬ ಹಟದಿಂದ ಆಬಿದಾಳ ಹತ್ತಿರ ಕಲಿಯಲು ಸೇರಿದ್ದಳು. ತಂಗಿಯ ಮದುವೆಯೂ ಆಯಿತು, ಕುಪ್ಪಸ ಅರ್ಧಕ್ಕೇ ನಿಂತಿತು, ಗುರುದೇವಿ ಮಾತ್ರ ಬರುವುದನ್ನು ಬಿಡಲಿಲ್ಲ. ಅವಳಿಗೆ ಇನ್ನೊಂದು ಹುಚ್ಚಿತ್ತು: ರಜೆ ಬಂತೆಂದರೆ ನೋಟ್‌ಬುಕ್ಕು ಹಿಡಿದು ಹಳೇ ಶಾಸನದ ಕಲ್ಲುಗಳನ್ನು ಹುಡುಕಿಕೊಂಡು ಹೋಗುವುದು.

ಆ ಸಂಜೆ ಆಬಿದಾ ಸೂಜಿ ಹಿಡಿಯದೆ ಸುಮ್ಮನೆ ಕೂತಿದ್ದನ್ನು ನೋಡಿ ಗುರುದೇವಿ, "ಅಕ್ಕಾರ, ನಾಳೆ ನನ್ ಜೋಡಿ ಮ್ಯೂಸಿಯಮ್ಮಿಗೆ ಬರ್ರಿ," ಅಂದಳು.

"ಅಲ್ಲಿ ನಂಗೇನಮ್ಮ ಕೆಲ್ಸ?"

"ಕೆಲಸ ಏನಿಲ್ಲ. ಅದಕ್ಕ ಬರ್ರಿ ಅನ್ನಾಕತ್ತೀನಿ. ನಿಮ್ಮ ಕಣ್ಣು ನೋಡ್ರಿ ಹೆಂಗಾಗ್ಯಾವ."

ಒಳಗಿನ ಕೋಣೆಯಿಂದ ನಜೀರ್, "ಹೋಗ್ಬಾ. ಆ ಕರಿ ಬಟ್ಟೆ ನೋಡಿ ನೋಡಿ ನೀನೂ ಮಾತು ಬಿಟ್ಬಿಟ್ಟಿದೀಯ," ಎಂದ.

ಕಬ್ಬನ್ ಪಾರ್ಕಿನ ಅಂಚಿನ ಆ ಕೆಂಪು ಕಟ್ಟಡವನ್ನು ಆಬಿದಾ ಬಸ್ಸಿನ ಕಿಟಕಿಯಿಂದ ಸಾವಿರ ಸಲ ನೋಡಿದ್ದಳು. ಒಳಗೆ ಕಾಲಿಟ್ಟಿದ್ದು ಇದೇ ಮೊದಲು. ಟಿಕೆಟ್ಟು ಹರಿದು ಕೊಡುವವನು ತನ್ನನ್ನು ಏನಾದರೂ ಕೇಳುತ್ತಾನೇನೋ ಎಂಬ ಸಣ್ಣ ಅಳುಕಿತ್ತು. ಅವನು ತಲೆಯನ್ನೂ ಎತ್ತಲಿಲ್ಲ.

ಮೊದಲ ಒಂದು ಗಂಟೆ ಅವಳಿಗೆ ಬೇಸರವೇ ಆಯಿತು. ಮಡಕೆಯ ಚೂರುಗಳು, ಸವೆದ ನಾಣ್ಯಗಳು, ಮೂಗು ಮುರಿದ ವಿಗ್ರಹಗಳು. ಗುರುದೇವಿ ಒಂದೊಂದರ ಮುಂದೆಯೂ ನಿಂತು ಹೇಳುತ್ತಿದ್ದುದಕ್ಕೆಲ್ಲ ಹೂಂ ಅನ್ನುತ್ತ ಬಂದಳು. ಮಂಡಿ ನೋಯಲು ಶುರುವಾದಾಗ, ಉದ್ದನೆಯ ಕೋಣೆಯೊಂದರ ತುದಿಯಲ್ಲಿ ಬೆಂಚು ಕಂಡು ಕೂತುಬಿಟ್ಟಳು.

ಎದುರಿಗೆ ಎದೆಯೆತ್ತರದ ಒಂದು ಕರಿಗಲ್ಲು ನಿಂತಿತ್ತು. ಬರೀ ಕಪ್ಪು, ನುಣುಪು. ಒಲೆಯ ಹಿಂದಿನ ಗೋಡೆಯಂತಿದೆ ಅಂದುಕೊಂಡಳು ಆಬಿದಾ. ಗುರುದೇವಿ ಅದರ ಮುಂದೆ ಮಂಡಿಯೂರಿ ನೋಟ್‌ಬುಕ್ಕು ತೆಗೆದಳು.

"ಅದ್ರಲ್ಲೇನಿದೆ ಅಂತ ಬರ್ಕೋತೀಯಾ? ಖಾಲಿ ಕಲ್ಲು."

"ಖಾಲಿ ಅಲ್ರಿ ಅಕ್ಕಾರ. ತುಂಬ ಅಕ್ಷರ ಐತಿ. ಸವದಾವ, ಅದಕ್ಕ ಕಾಣಂಗಿಲ್ಲ." ಗುರುದೇವಿ ಫೋನಿನ ಟಾರ್ಚು ಹೊತ್ತಿಸಿ ಕಲ್ಲಿನ ನೇರಕ್ಕೆ ಹಿಡಿದಳು. ಕಲ್ಲು ಇನ್ನಷ್ಟು ಬೋಳಾಗಿ ಕಂಡಿತು. "ಎದುರಿಗೆ ಹಿಡದ್ರ ಕಾಣಂಗಿಲ್ಲ. ಈಗ ನೋಡ್ರಿ," ಎನ್ನುತ್ತ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಅದರ ಮೈಗೆ ತಾಗುವಂತೆ ತಂದಳು.

ಸಾಲು ಸಾಲು ಅಕ್ಷರಗಳು ಮೇಲೆದ್ದವು. ಆಬಿದಾ ಬೆಂಚಿನಿಂದ ಎದ್ದಳು.

ಅಷ್ಟರಲ್ಲಿ ಆ ಕೋಣೆಯ ಕಾವಲಿನ ಹೆಂಗಸು ಹತ್ತಿರ ಬಂದಳು. ಎದೆಯ ಬಿಲ್ಲೆಯಲ್ಲಿ ವೆಂಕಟಮ್ಮ ಎಂದಿತ್ತು.

"ಮುಟ್ಬೇಡಿ ಕಣ್ರಮ್ಮ."

"ಮುಟ್ಟಿಲ್ರಿ, ಬೆಳಕು ಹಿಡದೀನಿ ಅಷ್ಟ," ಅಂದಳು ಗುರುದೇವಿ.

"ಆ ಟಾರ್ಚು ಯಾಕೆ?" ವೆಂಕಟಮ್ಮ ಪಶ್ಚಿಮದ ಕಿಟಕಿಯ ಕಡೆ ಕೈ ತೋರಿಸಿದಳು. "ಒಂದ್ ಕಾಲು ಗಂಟೆ ಕೂತ್ಕೊಳ್ಳಿ. ನಾಲ್ಕೂಕಾಲಿಗೆ ಅಲ್ಲಿಂದ ಬಿಸಿಲು ಬರ್ತದೆ. ಕಲ್ಲು ಪೂರ್ತಿ ಎದ್ದು ಕೂತ್ಕೊಂಡಂಗೆ ಕಾಣ್ತದೆ. ದಿನಾ ನೋಡ್ತೀನಲ್ಲ ನಾನು. ಇಲ್ಲಿಗೆ ಬರೋರೆಲ್ಲ ಹನ್ನೆರಡು ಗಂಟೆಗೆ ಬಂದು ಏನೂ ಇಲ್ಲ ಅಂತ ಹೋಯ್ತಾರೆ."

ಮೂವರೂ ಕಾದರು. ವೆಂಕಟಮ್ಮ ತನ್ನ ಮನೆ ಹೊರಮಾವಿನಲ್ಲಿ ಅಂತಲೂ, ಅಲ್ಲಿಂದ ಎರಡು ಬಸ್ಸು ಬದಲಾಯಿಸಿ ಬರಬೇಕು ಅಂತಲೂ ಹೇಳುತ್ತಿದ್ದಳು. ಹೇಳುತ್ತಿದ್ದಂತೆಯೇ ಬಿಸಿಲಿನ ಪಟ್ಟಿಯೊಂದು ನೆಲದ ಮೇಲೆ ಸರಿದು ಬಂದು, ಕಲ್ಲಿನ ಅಂಚನ್ನು ಮುಟ್ಟಿ, ಅದರ ಮೈಮೇಲೆ ಅಡ್ಡಲಾಗಿ ಹರಿಯಿತು.

ಗುರುದೇವಿ ಅಕ್ಷರ ಓದತೊಡಗಿದಳು. ಆಬಿದಾ ನೋಡಿದ್ದು ಅಕ್ಷರವನ್ನಲ್ಲ. ಕಲ್ಲಿನ ಸುತ್ತ ಅಂಗೈಯಗಲದ ಒಂದು ಅಂಚಿತ್ತು, ಅದರ ತುಂಬ ಎಲೆಬಳ್ಳಿ. ಇಷ್ಟು ಹೊತ್ತು ಎದುರಿಗೇ ಕೂತಿದ್ದರೂ ಅದು ಕಂಡಿರಲಿಲ್ಲ. ಈಗ ಪ್ರತಿ ಎಲೆಯ ಒಂದು ಮಗ್ಗುಲು ಬೆಳ್ಳಗೆ ಹೊಳೆಯುತ್ತಿತ್ತು, ಇನ್ನೊಂದು ಮಗ್ಗುಲು ಕತ್ತಲಲ್ಲಿತ್ತು. ಕಲ್ಲು ಒಂದೇ, ಬಣ್ಣ ಒಂದೇ. ಹಾಗಾದರೆ ಎರಡು ಹೇಗಾಯಿತು?

ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. ಎಲೆಯ ನಡುವೆ ಒಂದು ನರ. ನರದ ಎಡಕ್ಕೆ ಕೂದಲೆಳೆಯಷ್ಟು ತೆಳ್ಳಗಿನ ಗೀರುಗಳು ಒಂದು ಕಡೆಗೆ ಓರೆಯಾಗಿದ್ದವು, ಬಲಕ್ಕೆ ಇನ್ನೊಂದು ಕಡೆಗೆ. ಕೆತ್ತಿದವನು ಅಷ್ಟೇ ಮಾಡಿದ್ದ. ಆಬಿದಾ ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಹೊಳೆಯುತ್ತಿದ್ದ ಮಗ್ಗುಲು ಮಂಕಾಯಿತು. ಮತ್ತೆ ಈಚೆಗೆ ಬಂದಳು. ಬೆಳಗಿತು. ಕಲ್ಲಿನ ಮುಂದೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಅವಳು ನಡೆಯತೊಡಗಿದಾಗ ಬಳ್ಳಿಗೆ ಗಾಳಿ ಬೀಸಿದಂತಾಯಿತು.

"ಅಕ್ಕಾರ, ಏನಾತ್ರಿ?" ಗುರುದೇವಿ ಗಾಬರಿಯಿಂದ ಕೇಳಿದಳು.

"ದಾರದ ದಿಕ್ಕು," ಅಂದಳು ಆಬಿದಾ. "ಯಾ ಅಲ್ಲಾ, ಬಣ್ಣ ಅಲ್ಲ ಬೇಟಾ, ದಿಕ್ಕು! ಪೆನ್ನು ಕೊಡು. ಬೇಗ ಕೊಡು."

"ಫೋಟೊ ಹೊಡೀಲೇನ್ರಿ?"

"ಫೋಟೊ ಒಂದೇ ಕಡೆಯಿಂದ ನೋಡತ್ತೆ. ಪೆನ್ನು ಕೊಡು."

ಶಾಸನದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆಬಿದಾ ಎಲೆಯೊಂದನ್ನು ಬರೆದಳು. ಬೇರೆಯವರ ಗೆರೆಯ ಮೇಲೆ ಗೆರೆ ಎಳೆದು ಅಭ್ಯಾಸವಿದ್ದ ಕೈ ಬಿಳಿ ಹಾಳೆಯ ಮೇಲೆ ಎಲ್ಲಿ ಶುರುಮಾಡಬೇಕೆಂದು ತಡಕಾಡಿತು. ಮೊದಲ ಎಲೆ ಮೀನಿನಂತಾಯಿತು. ವೆಂಕಟಮ್ಮ ಇಣುಕಿ ನೋಡಿ, "ಇನ್ನೊಂದಪ ಬರೀರಿ, ಬಿಸಿಲು ಇನ್ನೂ ಹತ್ತು ನಿಮಿಷ ಇರ್ತದೆ," ಅಂದಳು. ಐದನೆಯ ಎಲೆ ಎಲೆಯಾಯಿತು. ಕಲ್ಲಿನ ಬಳ್ಳಿಯಲ್ಲಿ ಎಲೆಗಳು ಒತ್ತೊತ್ತಾಗಿದ್ದವು. ಬಟ್ಟೆಗೆ ಅಷ್ಟು ಭಾರ ಬೇಡವೆನಿಸಿ ಆಬಿದಾ ದೂರ ದೂರ ಬರೆದಳು. ತುದಿಗೆ ಒಂದು ಮೊಗ್ಗು ಸೇರಿಸಿದಳು. ಆ ಮೊಗ್ಗು ಕಲ್ಲಿನಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಚೌಕಟ್ಟಿಗೆ ಬಟ್ಟೆ ಬಿಗಿದು, ಎಲೆಯ ಎಡಕ್ಕೊಂದು ದಿಕ್ಕು, ಬಲಕ್ಕೊಂದು ದಿಕ್ಕು ಇಟ್ಟು ಆರಿ ಸೂಜಿಯಿಂದ ತುಂಬಿದಳು. ಮಧ್ಯಾಹ್ನ ಬಾಗಿಲ ಬೆಳಕಿಗೆ ಹಿಡಿದು ನೋಡಿದರೆ ಎರಡೂ ಮಗ್ಗುಲು ಒಂದೇ ಥರ, ಮಂಕು. ತಿರುಗಿಸಿದಳು, ಓರೆ ಮಾಡಿದಳು. ಏನೂ ಆಗಲಿಲ್ಲ.

ಅವಳಿಗೆ ಅಳು ಬಂತು. ಊಟಕ್ಕೆ ಬಂದ ನಜೀರ್ ಗೋಡೆಗೊರಗಿ ನಿಂತು ಕೇಳಿದ, "ಕಲ್ಲಲ್ಲಿ ಆಗಿದ್ದು ಇಲ್ಲಿ ಯಾಕಾಗಲ್ಲ?"

"ಗೊತ್ತಿದ್ರೆ ಹಿಂಗೆ ಕೂತಿರ್ತಿದ್ನಾ?"

ನಜೀರ್ ತುಂಡನ್ನು ಕಣ್ಣಿನ ಹತ್ತಿರ ತಂದು ನೋಡಿದ. "ಇದು ಕೊಂಡಿ ಕೊಂಡಿಯಾಗಿದೆ. ಕಲ್ಲಿನ ಗೀರು ನೆಟ್ಟಗಿತ್ತು ಅಂತಿದ್ದೆ ನೀನು. ಕೊಂಡಿಯಾದ್ರೆ ಬೆಳಕು ಎಲ್ಲ ಕಡೆಗೂ ಚೆಲ್ಲಿಹೋಗಲ್ವಾ? ನಮ್ಮಲ್ಲಿ ಗೀರು ಬಿದ್ದ ಬಂಪರ್ ಹಂಗೇ ಮಂಕಾಗೋದು."

ಆಬಿದಾ ಅವನ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಹೌದು. ಆರಿ ಸೂಜಿ ಹಾಕುವುದು ಸರಪಳಿ ಹೊಲಿಗೆ. ದಿಕ್ಕು ಯಾವುದೇ ಇರಲಿ, ಪ್ರತಿ ಕೊಂಡಿಯೂ ಬಾಗಿರುತ್ತದೆ. ದಾರ ಚಪ್ಪಟೆಯಾಗಿ, ನೆಟ್ಟಗೆ, ಪಕ್ಕಪಕ್ಕ ಮಲಗಬೇಕು. ಅದಕ್ಕೆ ಆರಿ ಆಗದು, ಸಾಮಾನ್ಯ ಕೈಸೂಜಿಯೇ ಬೇಕು. ಚಿಕ್ಕವಳಿದ್ದಾಗ ಅಮ್ಮ ದಿಂಬಿನ ಚೀಲದ ಮೇಲೆ ಕಲಿಸಿದ್ದ ಹೊಲಿಗೆ ಅದು. ಆರಿ ಕೈಗೆ ಬಂದ ಮೇಲೆ ಆಬಿದಾ ಅದನ್ನು ಕೈಬಿಟ್ಟಿದ್ದಳು, ಏಕೆಂದರೆ ಅದರಲ್ಲಿ ಒಂದು ಎಲೆಗೆ ಹಿಡಿಯುವ ಹೊತ್ತಿನಲ್ಲಿ ಆರಿಯಿಂದ ಹತ್ತು ಎಲೆ ಮುಗಿಸಬಹುದು.

ಮೊದಲ ಎಲೆಗೆ ಎರಡು ಗಂಟೆ ಹಿಡಿಯಿತು. ಬಿಚ್ಚಿ ಮತ್ತೆ ಹಾಕಿದಳು. ಎಲೆಯ ಹೊಟ್ಟೆ ಸ್ವಲ್ಪ ಉಬ್ಬಲೆಂದು ಅಡಿಯಲ್ಲಿ ಹತ್ತಿಯ ದಾರ ಹಾಸಿದಳು. ಮಂಗಳವಾರ ಸಂಜೆ ನಜೀರ್ ಅಂಗಡಿಯಿಂದ ಹಳೇ ಕಾರಿನ ಹೆಡ್‌ಲೈಟೊಂದನ್ನು ತಂದು, ಮರದ ತುಂಡಿಗೆ ಕಟ್ಟಿ, ಬ್ಯಾಟರಿಗೆ ಜೋಡಿಸಿದ. ಕೋಣೆಗೆ ಬಿಸಿಲು ಬೀಳುತ್ತಿರಲಿಲ್ಲವಲ್ಲ. ಅದನ್ನು ಚೌಕಟ್ಟಿನ ಮಗ್ಗುಲಲ್ಲಿ ಬಟ್ಟೆಯ ಮಟ್ಟಕ್ಕೆ ಇಟ್ಟು ಹೊತ್ತಿಸಿದಾಗ ಇಬ್ಬರೂ ಬಗ್ಗಿ ನೋಡಿದರು. ಕರಿ ಬಟ್ಟೆಯ ಮೇಲೆ ಕರಿ ಎಲೆಯೊಂದು ಅರ್ಧ ಬೆಳಗಿ ಅರ್ಧ ಮುಚ್ಚಿಕೊಂಡು ಮಲಗಿತ್ತು.

"ಮಾಡು," ಅಂದ ನಜೀರ್. "ಇವತ್ತಿಂದ ರೊಟ್ಟಿ ನಾನು ತರ್ತೀನಿ ಹೋಟೆಲಿಂದ."

ಸೂರತ್ತಿನದು ಬೇಡ, ಮದುವೆಗೆ ಮೊದಲು ಕೊಡುತ್ತೇನೆ ಎಂದು ಆಬಿದಾ ಗುಲ್ಷನ್ ಆಪಾರಿಗೆ ಫೋನು ಮಾಡಿ ಹೇಳಿದಳು. ಹದಿನೇಳು ದಿನ ಹಿಡಿಯಿತು. ಬಳ್ಳಿಯನ್ನು ಎರಡು ತೋಳಿನ ಅಂಚಿಗೆ ಮತ್ತು ಬಲಗಡೆ ಭುಜದಿಂದ ಕೆಳತುದಿಯವರೆಗೆ ಇಳಿಬಿಟ್ಟಳು. ನಲವತ್ತಮೂರು ಎಲೆ. ಕುತ್ತಿಗೆ ಹಿಡಿದುಕೊಂಡಿತು, ತೋರುಬೆರಳ ತುದಿ ಒರಟಾಗಿ ದಾರ ಎಳೆದಾಗೆಲ್ಲ ಸಿಕ್ಕಿಕೊಳ್ಳತೊಡಗಿತು. ಶನಿವಾರ ಬಂದ ಗುರುದೇವಿ ತಾನು ಕಲಿಯುವುದನ್ನು ಬಿಟ್ಟು ದಾರ ಪೋಣಿಸಿ ಪೋಣಿಸಿ ಸೂಜಿಗಳನ್ನು ಸಾಲಾಗಿಟ್ಟಳು.

ಕೊಡುವ ದಿನ ಅಂಗಡಿಯಲ್ಲಿ ಲೈಬಾ ಆಗಲೇ ಬಂದು ಕೂತಿದ್ದಳು. ತೆಳ್ಳಗಿನ, ಚುರುಕು ಕಣ್ಣಿನ ಹುಡುಗಿ. ಗುಲ್ಷನ್ ಆಪಾ ಕಾಗದ ಬಿಚ್ಚಿ ಬುರ್ಖಾವನ್ನು ಗಾಜಿನ ಮೇಜಿನ ಮೇಲೆ ಹರಡಿದರು. ಚಾವಣಿಯ ಟ್ಯೂಬ್‌ಲೈಟುಗಳು ನೇರವಾಗಿ ಮೇಲಿನಿಂದ ಸುರಿಯುತ್ತಿದ್ದವು. ಬಟ್ಟೆಯ ಮೇಲೆ ಏನೂ ಇಲ್ಲದಂತೆ ಕಂಡಿತು.

ಗುಲ್ಷನ್ ಆಪಾರ ಮುಖ ಗಂಟಿಕ್ಕಿತು. ಲೈಬಾ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತಳು. ಬೆರಳಿನಿಂದ ತೋಳಿನ ಅಂಚನ್ನು ಸವರಿದಳು.

"ಕೈಗೆ ಸಿಗ್ತಿದೆ ಖಾಲಾ," ಅಂದಳು, ಮನಸ್ಸು ನೋಯಿಸಬಾರದೆಂಬಂತೆ ಮೆಲ್ಲಗೆ. "ಆದ್ರೆ ಕಣ್ಣಿಗೆ..."

"ಅದನ್ನ ತೆಗೆದು ನಂಗೆ ಕೊಡು ಬೇಟಾ," ಅಂದಳು ಆಬಿದಾ.

ಆ ಅಂಗಡಿಗೆಂದು ಅವಳು ಕಸೂತಿ ಹಾಕಿದ ನೂರಾರು ಬುರ್ಖಾಗಳಲ್ಲಿ ಒಂದನ್ನೂ ಅವಳು ತೊಟ್ಟು ನೋಡಿರಲಿಲ್ಲ. ಹಾಗೆ ಮಾಡುವ ಪದ್ಧತಿಯೇ ಇರಲಿಲ್ಲ. ಗುಲ್ಷನ್ ಆಪಾ ಏನೋ ಹೇಳಲು ಬಾಯಿ ತೆರೆದರು, ಆಬಿದಾ ಕಾಯಲಿಲ್ಲ. ತನ್ನ ಹಳೇ ಬುರ್ಖಾದ ಮೇಲೆಯೇ ಅದನ್ನು ಹಾಕಿಕೊಂಡು ಅಂಗಡಿಯ ಒಳಗಿನ ಗೋಡೆಯವರೆಗೆ ಹೋದಳು. ಅಲ್ಲಿಂದ ಬಾಗಿಲ ಕಡೆಗೆ ನಡೆದು ಬಂದಳು. ಹೊರಗೆ ಮಸೀದಿ ರಸ್ತೆಯ ಮೇಲೆ ಸಂಜೆ ಬಿಸಿಲು ಬಿದ್ದಿತ್ತು, ಬಾಗಿಲಿನಿಂದ ಓರೆಯಾಗಿ ಒಳಗೆ ಬರುತ್ತಿತ್ತು. ಒಂದೊಂದು ಹೆಜ್ಜೆಗೂ ಒಂದೊಂದು ಎಲೆ ಕೆಳಗಿನಿಂದ ಮೇಲಕ್ಕೆ ಎಚ್ಚರಗೊಂಡು ಮತ್ತೆ ಕಪ್ಪಿನಲ್ಲಿ ಮುಳುಗಿತು. ಅವಳಿಗೆ ಅದು ಕಾಣುತ್ತಿರಲಿಲ್ಲ. ಎದುರಿಗೆ ನಿಂತಿದ್ದ ಇಬ್ಬರ ಮುಖ ಕಾಣುತ್ತಿತ್ತು.

"ಇನ್ನೊಂದ್ ಸಲ," ಅಂದಳು ಲೈಬಾ.

ಆಬಿದಾ ಹಿಂದಕ್ಕೆ ಹೋಗಿ ಮತ್ತೆ ನಡೆದು ಬಂದಳು.

ಲೈಬಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. "ಇದೇ," ಅಂದಳು. "ನಂಗೆ ಹೇಳೋಕೆ ಬಂದಿರ್ಲಿಲ್ವಲ್ಲ, ಇದೇ ಅದು. ಈ ಡಿಸೈನ್ ಎಲ್ಲಿಂದ ತಂದ್ರಿ ಖಾಲಾ?"

"ಬಳ್ಳಿ ಒಂದು ಕಲ್ಲಿಂದು. ಮೊಗ್ಗು ನಂದು," ಅಂದಳು ಆಬಿದಾ. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು.

ಲೈಬಾ ಹೋದ ಮೇಲೆ ಗುಲ್ಷನ್ ಆಪಾ ಟೀ ತರಿಸಿದರು. ತಾವು ಕೂರುವ ಕುರ್ಚಿಯ ಪಕ್ಕಕ್ಕೇ ಆಬಿದಾಳಿಗೂ ಕುರ್ಚಿ ಎಳೆದರು.

"ಇದೇ ಥರ ಹತ್ತು ಮಾಡು. ರಮ್ಜಾನ್‌ಗೆ ಮುಂಚೆ ಬೇಕು."

"ಹತ್ತಾಗಲ್ಲ ಆಪಾ. ತಿಂಗಳಿಗೆ ಒಂದು ಆಗತ್ತೆ."

"ಮೇಲ್ಗಡೆ ಸೈಫ್‌ನ ಕಂಪ್ಯೂಟರ್ ಕಸೂತಿ ಮಿಷಿನ್ ಇದೆ. ಅವನಿಗೆ ತೋರಿಸಿದ್ರೆ ಒಂದೇ ದಿನದಲ್ಲಿ ಹತ್ತು ಹೊಡೆದು ಕೊಡ್ತಾನೆ." ಗುಲ್ಷನ್ ಆಪಾ ಹೆದರಿಸಲೆಂದು ಹೇಳಿದ್ದಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ್ದು.

ಒಂದು ತಿಂಗಳ ಹಿಂದಾಗಿದ್ದರೆ ಆ ಮಾತಿಗೆ ಆಬಿದಾ ಹತ್ತಕ್ಕೂ ಒಪ್ಪಿಕೊಂಡುಬಿಡುತ್ತಿದ್ದಳು. ಈಗ ಅವಳು ಟೀ ಊದಿ ಒಂದು ಗುಟುಕು ಕುಡಿದಳು. ಮಿಷಿನ್ನು ಎಲೆಯನ್ನು ಚೆನ್ನಾಗಿಯೇ ಹಾಕಬಹುದು, ದಿಕ್ಕನ್ನೂ ಹಿಡಿಯಬಹುದು. ಆದರೆ ಅದಕ್ಕೆ ಯಾರಾದರೂ ಮೊದಲು ಎಲೆ ಕೊಡಬೇಕಲ್ಲ.

"ಕೊಡಿ ಆಪಾ, ಅವನು ಹೊಡೀಲಿ. ನನ್ನ ಹೆಸರು ಹೇಳಿ ಮಾರಿ, ಅಷ್ಟು ಸಾಕು. ಅಷ್ಟೊತ್ತಿಗೆ ನಾನು ಬೇರೆ ಏನಾದ್ರೂ ನೋಡಿರ್ತೀನಿ."

"ಏನು ನೋಡಿರ್ತೀಯ?"

"ಇನ್ನೂ ಗೊತ್ತಿಲ್ಲ. ಆ ಕಲ್ಲಿರೋ ಮ್ಯೂಸಿಯಮ್ಮಲ್ಲಿ ತುಂಬಾ ಇದೆ. ಅವತ್ತು ಕಾಲುನೋವು ಅಂತ ಅರ್ಧ ನೋಡ್ಲೇ ಇಲ್ಲ ನಾನು. ಮಡಕೆ ಮೇಲೆ ಏನೋ ಗೆರೆ ಇದ್ವು, ಸುಮ್ನೆ ದಾಟ್ಕೊಂಡ್ ಬಂದ್ಬಿಟ್ಟೆ. ಬುಧವಾರ ಹೋಗ್ತೀನಿ. ಬುಧವಾರ ಕೆಲಸ ಕಳಿಸ್ಬೇಡಿ."

ಹೀಗೆ ಕೆಲಸ ಕಳಿಸಬೇಡಿ ಎಂದು ಅವಳು ಯಾರಿಗೂ ಹೇಳಿದವಳಲ್ಲ. ಗುಲ್ಷನ್ ಆಪಾ ಸಿಟ್ಟಾಗುತ್ತಾರೆ ಅಂದುಕೊಂಡಳು. ಅವರು ಲೋಟವನ್ನು ತಿರುಗಿಸುತ್ತ ಬಾಗಿಲಾಚೆ ನೋಡುತ್ತಿದ್ದರು.

"ಮೂವತ್ತು ವರ್ಷ ಆಯ್ತು ಈ ಅಂಗಡಿಗೆ," ಅಂದರು ಕೊನೆಗೆ. "ಬಾಂಬೆಗೆ ಹೋಗಿದೀನಿ, ಸೂರತ್ತಿಗೆ ಹೋಗಿದೀನಿ. ಇಲ್ಲೇ ಇರೋ ಮ್ಯೂಸಿಯಮ್ಮಿಗೆ ಒಂದ್ ಸಲಾನೂ ಹೋಗಿಲ್ಲ." ಲೋಟ ಕೆಳಗಿಟ್ಟು ಕೇಳಿದರು, "ನಾನೂ ಬರ್ಲಾ?"

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಗುಲ್ಷನ್ ಆಪಾ ಅಂಗಡಿಯ ಶಟರ್ ಎಳೆದರು. ಪಕ್ಕದ ಅಂಗಡಿಯವರು ಏನಾಯಿತು, ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದರು. ಆಬಿದಾ ಮೂಲೆಯ ಸ್ಟೇಷನರಿ ಅಂಗಡಿಯಲ್ಲಿ ಗೆರೆಯಿಲ್ಲದ ಒಂದು ನೋಟ್‌ಬುಕ್ಕು, ಎರಡು ಪೆನ್ಸಿಲು, ಒಂದು ರಬ್ಬರು ಕೊಂಡಳು. ಆಟೊ ಹತ್ತಿದ ಮೇಲೆ ಗುಲ್ಷನ್ ಆಪಾ, ಇಷ್ಟು ಬೇಗ ಯಾಕೆ, ಬಿಸಿಲು ಇಳಿದ ಮೇಲೆ ಹೋದರಾಗುತ್ತಿತ್ತು ಎಂದು ಗೊಣಗಿದರು. ಬಿಸಿಲು ಇಳಿಯುವ ಮೊದಲೇ ಹೋಗಿ ಜಾಗ ಹಿಡಿದು ಕೂರಬೇಕು ಆಪಾ ಎಂದು ಆಬಿದಾ ಅವರಿಗೆ ವಿವರಿಸತೊಡಗಿದಳು.